ಕೋಲು ನೆಟ್ಟ ಜಾಗ

ಹಿತ್ತಲ ಧರೆಯ ಅಂಚಿಗೆ ಮೂರು ಕೋಲು ನೆಟ್ಟಿದ್ದೇನೆ. ತುದಿಗೆ ಹಳೇ ಸೀರೆಯ ಕೆಂಪು ಅಂಚಿನ ಚೂರು. ಮೊನ್ನೆ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದ ಪಕ್ಕದ ಮನೆಯವಳು ನಿಂತು ನೋಡಿ, "ಇದೇನು ಅಕ್ಕಾ, ಮಂಗ ಓಡಿಸೋಕಾ?" ಅಂದಳು. ನಮ್ಮ ಸಾಗರದ ಕಡೆ ಮಂಗಗಳು ಗರ್ನಾಲಿಗೇ ಹೆದರೋದು ಬಿಟ್ಟಿವೆ, ಇನ್ನು ಸೀರೆ ಚೂರಿಗೆ ಹೆದರುತ್ತವಾ? ಕೆಳಗೆ ಗೌರಿ ಹೂವಿನ ಗೆಡ್ಡೆ ಮಲಗಿದೆ, ಅಲ್ಲಿ ಅಗೆಯಬಾರದು ಅಂತ ಗುರುತು ಅಂದೆ. "ಹಿತ್ತಲೂ ನಿಮ್ಮದೇ, ಅಗೆಯೋರೂ ನೀವೇ, ಮತ್ತೆ ಗುರುತು ಯಾರಿಗೆ?" ಅಂದಳು.

ನನಗೇ. ಹತ್ತಿರ ಎರಡು ವರ್ಷದ ಹಿಂದೆ ಮಗಳ ತೋಟದಲ್ಲಿ ಮಲಗಿದ್ದ ಗೆಡ್ಡೆಗಳನ್ನೆಲ್ಲ ಅಗೆದು ಹಾಕಿ ಬಂದವಳು ನಾನು.

ಮಗಳು ಇರುವುದು ಜರ್ಮನಿಯ ಲೈಪ್ಜಿಗ್‌ನಲ್ಲಿ. ಬಾಣಂತನಕ್ಕೆ ಅಂತ ಮೇ ಕೊನೆಗೆ ಹೋಗಿದ್ದೆ. ಅವಳ ಮನೆ ಮೂರನೇ ಮಹಡಿ, ಮಣ್ಣು ಅನ್ನುವುದು ಬಾಲ್ಕನಿಯ ಕುಂಡದಲ್ಲಿ ಮಾತ್ರ. ಆದರೆ ಟ್ರಾಮಿನಲ್ಲಿ ಹತ್ತು ನಿಮಿಷ ಹೋದರೆ ಅವರದೊಂದು ಗುತ್ತಿಗೆ ತೋಟ ಇದೆ. ನಮ್ಮ ಮನೆಯ ಅಂಗಳ, ಕೊಟ್ಟಿಗೆ ಸೇರಿಸಿದಷ್ಟು ಜಾಗ, ಒಂದು ಮರದ ಗುಡಿಸಲು, ಎರಡು ಸೇಬಿನ ಮರ. ಇಂಥ ತೋಟಗಳ ತವರೇ ಆ ಊರಂತೆ. 1864ರಲ್ಲಿ ಶ್ರೇಬರ್ ಅನ್ನುವ ವೈದ್ಯರ ಹೆಸರಿನಲ್ಲಿ ಅಲ್ಲೊಂದು ಸಂಘ ಕಟ್ಟಿದರು. ಮೊದಲು ಮಕ್ಕಳ ಆಟಕ್ಕೆ ಅಂತ ಒಂದು ಬಯಲು, ಆಮೇಲೆ ಬಯಲಿನ ಸುತ್ತ ತುಂಡು ತುಂಡು ತೋಟ. ಈಗ ದೇಶದ ತುಂಬ ಅದೇ ಪದ್ಧತಿ, ಹೆಸರೂ ಶ್ರೇಬರ್ ತೋಟ. ಅದಕ್ಕೊಂದು ನಿಯಮವೂ ಇದೆ: ಮೂರರಲ್ಲಿ ಒಂದು ಪಾಲಿನಲ್ಲಾದರೂ ಹಣ್ಣು, ತರಕಾರಿ ಬೆಳೆಯಬೇಕು.

ಈ ನಿಯಮ ನನಗೆ ತುಂಬ ಹಿಡಿಸಿತು. ಯಾಕೆಂದರೆ ಸೇಬಿನ ಮರದ ಬುಡದಲ್ಲಿ ಒಂದು ಮಡಿ ಪೂರ್ತಿ ಖಾಲಿ ಬಿದ್ದಿತ್ತು. ಹುಲ್ಲೂ ಇಲ್ಲ, ಗಿಡವೂ ಇಲ್ಲ, ಒಣಗಿ ಹಳದಿಯಾದ ನಾಲ್ಕು ದಂಟು. ಜೂನ್ ತಿಂಗಳಲ್ಲಿ ಮಣ್ಣು ಸುಮ್ನೆ ಬಿಡುವುದುಂಟಾ? ನಮ್ಮಲ್ಲಾದರೆ ಬೇರೆ ಮಾತು, ಜೂನ್ ಅಂದರೆ ಮಳೆ, ಅಗೆದರೆ ಕೆಸರು. ಅಲ್ಲಿ ಹಿತವಾದ ಬಿಸಿಲು, ಕೈಯಲ್ಲಿ ಹಿಡಿದರೆ ಅವಲಕ್ಕಿಯ ಹಾಗೆ ಉದುರುವ ಕಪ್ಪು ಮಣ್ಣು. ಮಗಳಿಗೆ ದಿನ ತುಂಬಿತ್ತು, ಮನೆಯಲ್ಲಿ ಕಾಲು ಮೇಲಿಟ್ಟು ಕೂತಿದ್ದಳು. ಅಳಿಯ ಆ ಕಡೆ ಹುಲ್ಲು ಕತ್ತರಿಸುತ್ತಿದ್ದ. ನಾನು ಅಡುಗೆಮನೆಯಿಂದ ಒಂದು ಹಿಡಿ ಮೆಂತೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದೆ. ಬಾಣಂತಿಗೆ ಮೆಂತೆ ಸೊಪ್ಪು ಒಳ್ಳೆಯದಲ್ವಾ.

ಮೂರನೇ ಏಟಿಗೆ ಗುದ್ದಲಿಗೆ ಏನೋ ಸಿಕ್ಕಿತು. ಕಲ್ಲಲ್ಲ, ಕಲ್ಲಾದರೆ ಟಣ್ ಅನ್ನುತ್ತದೆ. ಇದು ಕಚಕ್ ಅಂತು. ನೋಡಿದರೆ ಪುಟ್ಟ ಗೆಡ್ಡೆ, ಗೋಲಿಯಷ್ಟು, ಮೇಲೆ ತೆಳು ಕಂದು ಸಿಪ್ಪೆ, ಏಟು ಬಿದ್ದ ಕಡೆ ಒಳಗೆ ಹಸಿ ಅರಿಶಿನದ ಬಣ್ಣ. ಇನ್ನೊಂದು ಏಟಿಗೆ ಮತ್ತೆ ನಾಲ್ಕು. ಆಮೇಲೆ ಬೇರೆ ಥರದವು ಬಂದವು, ದೊಡ್ಡವು, ನಿಂಬೆ ಹಣ್ಣಿನಷ್ಟು, ಆಕಾರ ಸೊಟ್ಟ, ಮೈತುಂಬ ಒಣಗಿದ ಬೇರಿನ ಎಳೆ. ಒಂದನ್ನು ಒಡೆದರೆ ಒಳಗೆ ಟೊಳ್ಳು. ಹುಳ ತಿಂದ ಅಡಿಕೆಯ ಹಾಗೆ, ಸುತ್ತ ಗೋಡೆ ಮಾತ್ರ, ನಡುವೆ ಮಣ್ಣು ತುಂಬಿಕೊಂಡ ಗುಳಿ. ಕೊಳೆತಿವೆ ಅಂತ ತೀರ್ಮಾನಿಸಿದೆ. ಗಟ್ಟಿ ಇದ್ದವನ್ನು ಒಂದು ಕಡೆ ಗುಡ್ಡೆ ಮಾಡಿದೆ, ಟೊಳ್ಳಾದವನ್ನು ಆರಿಸಿ ಗೊಬ್ಬರದ ಡಬ್ಬಕ್ಕೆ ಎಸೆದೆ. ಏನೋ ಒಂದು ಉಪಕಾರ ಮಾಡಿದ ಸಮಾಧಾನದಲ್ಲಿ ಮೆಂತೆ ಚೆಲ್ಲಿ, ನೀರು ಹಾಕಿ ಮನೆಗೆ ಬಂದೆ.

ರಾತ್ರಿ ಊಟಕ್ಕೆ ಕೂತಾಗ ಸುಮ್ನೆ ಹೇಳಿದೆ, ನಿಮ್ಮ ಸೇಬಿನ ಬುಡದಲ್ಲಿ ಯಾವುದೋ ಗೆಡ್ಡೆ ಇತ್ತು, ಅರ್ಧ ಕೊಳೆತು ಹೋಗಿತ್ತು ಅಂತ. ಮಗಳ ಕೈ ತಟ್ಟೆಯ ಮೇಲೇ ನಿಂತಿತು.

"ಅಮ್ಮಾ, ಟೊಳ್ಳಾಗಿತ್ತಾ?"

"ಹೂಂ."

"ಅದು ಇರೋದೇ ಹಾಗೆ ಅಮ್ಮಾ. ಅದರ ಹೆಸರೇ ಟೊಳ್ಳು."

ಅಳಿಯ ಏನೂ ಮಾತಾಡದೆ ಟಾರ್ಚ್ ತಗೊಂಡ. ಟಾರ್ಚ್ ಬೇಕಾಗಲಿಲ್ಲ, ಜೂನಿನಲ್ಲಿ ಅಲ್ಲಿ ಒಂಬತ್ತೂವರೆಗೂ ಬೆಳಕಿರುತ್ತದೆ. ಅವನೂ ನಾನೂ ಗೊಬ್ಬರದ ಡಬ್ಬದೊಳಗೆ ಕೈ ಹಾಕಿ, ಆಲೂಗೆಡ್ಡೆ ಸಿಪ್ಪೆ, ಕಾಫಿ ಚರಟದ ನಡುವಿನಿಂದ ಆ ಗೆಡ್ಡೆಗಳನ್ನು ಹೆಕ್ಕಿದೆವು. ಅತ್ತೆ, ಅಳಿಯ ಹೀಗೆ ಗೊಬ್ಬರ ಕೆದಕುವುದನ್ನು ಪಕ್ಕದ ತೋಟದ ಅಜ್ಜ ಬೇಲಿಯಾಚೆಯಿಂದ ನೋಡುತ್ತಾ ನಿಂತಿದ್ದ. ಮೂರು ಪೂರ್ತಿ ಸಿಕ್ಕವು, ಒಂದು ಅರ್ಧ. ಅದೇ ರಾತ್ರಿ ಎಲ್ಲವನ್ನೂ ಮತ್ತೆ ಹೂತೆವು, ಗಾಳಿಗೆ ಒಣಗಿದರೆ ಇವು ಬದುಕುವುದು ಕಷ್ಟ ಅಂತ ಮಗಳು ಫೋನಿನಲ್ಲೇ ನಾಲ್ಕು ಸಲ ಹೇಳಿದ್ದಳು.

ಗೆಡ್ಡೆಯ ಹೆಸರು ಕೊರಿಡಾಲಿಸ್. ಗಸಗಸೆಯ ಕುಟುಂಬ. ನಮ್ಮ ರಸ್ತೆ ಪಕ್ಕದಲ್ಲಿ ಬೆಳೆಯುವ ಹಳದಿ ಹೂವಿನ ಮುಳ್ಳು ದತ್ತೂರಿಯೂ ಅದೇ ಕುಟುಂಬದ್ದು, ನೋಡಿದರೆ ನಂಟು ಹೇಳಲಾಗದು. ಕೊರಿಡಾಲಿಸ್ ಅನ್ನುವುದು ಗ್ರೀಕ್ ಮಾತು, ಜುಟ್ಟಿರುವ ನೆಲಗುಬ್ಬಿ ಅಂತ ಅರ್ಥ. ಹೂವಿನ ಹಿಂದೆ ಒಂದು ಕೊಂಬು ಚಾಚಿರುತ್ತದೆ. ಜರ್ಮನ್ನರು ಇದನ್ನು ಲೆರ್ಖೆನ್‌ಷ್ಪೋರ್ನ್ ಅನ್ನುತ್ತಾರೆ, ನೆಲಗುಬ್ಬಿಯ ಹಿಂಗಾಲಿನ ಉಗುರು ಅಂದ ಹಾಗೆ. ಮಗಳ ತೋಟದಲ್ಲಿದ್ದವು ಎರಡು ಜಾತಿ. ಗಟ್ಟಿ ಗೆಡ್ಡೆಯದು ಕೊರಿಡಾಲಿಸ್ ಸಾಲಿಡಾ, ಟೊಳ್ಳಿನದು ಕೊರಿಡಾಲಿಸ್ ಕಾವಾ. ಲ್ಯಾಟಿನ್ನಿನಲ್ಲಿ ಹೆಸರಿಟ್ಟವರು ಸುತ್ತಿಬಳಸಿಲ್ಲ, ಗಟ್ಟಿಯದಕ್ಕೆ ಗಟ್ಟಿ, ಟೊಳ್ಳಿಗೆ ಟೊಳ್ಳು. ನಾನು ಮೂರು ಗುದ್ದಲಿ ಏಟಿನಲ್ಲಿ ಎರಡನ್ನೂ ಸರಿಯಾಗಿಯೇ ಬೇರೆ ಮಾಡಿದ್ದೆ. ತಪ್ಪಿದ್ದು ಯಾವುದು ಜೀವಂತ ಅನ್ನುವುದರಲ್ಲಿ ಮಾತ್ರ.

ಆಮೇಲೆ ಬಾಣಂತನದ ರಾತ್ರಿಗಳಲ್ಲಿ, ಮಗು ಮಲಗಿದ ಮೇಲೆ, ಮಗಳೂ ನಾನೂ ಇದನ್ನೇ ಓದುತ್ತಾ ಕೂತದ್ದುಂಟು. ನನ್ನ ಹಾಗೆ ಎಡವಿದವರು ದೊಡ್ಡವರಲ್ಲೂ ಇದ್ದಾರೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ ಗಿಡಗಳಿಗೆಲ್ಲ ಹೆಸರಿಡುವಾಗ ಸಾಲಿಡಾ, ಕಾವಾ, ಇವುಗಳದೇ ನಂಟಿನ ಇಂಟರ್ಮೀಡಿಯಾ ಅನ್ನುವ ಇನ್ನೊಂದು, ಹೀಗೆ ಮೂರನ್ನೂ ಒಂದೇ ಜಾತಿ ಅಂತ ಸೇರಿಸಿ ಫ್ಯುಮೇರಿಯಾ ಬಲ್ಬೋಸಾ ಅಂತ ಕರೆದುಬಿಟ್ಟ. ಗೆಡ್ಡೆಯ ವ್ಯತ್ಯಾಸ ಅವನಿಗೆ ಗೊತ್ತಿತ್ತು, ಒಂದೇ ಜಾತಿಯ ಬೇರೆ ಬೇರೆ ಬಗೆ ಅಂದುಕೊಂಡ ಅಷ್ಟೆ. ಆ ಬಲ್ಬೋಸಾ ಅನ್ನುವ ಹೆಸರು ಆಮೇಲೆ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಅಂಟಿಕೊಂಡು ಗೊಂದಲ ಮಾಡುತ್ತಲೇ ಬಂತು. ಮಗಳು ಮೊದಲ ಸಲ ಆನ್‌ಲೈನ್‌ನಲ್ಲಿ ತರಿಸಿದ ಪೊಟ್ಟಣದ ಮೇಲೂ ಅದೇ ಹೆಸರಿತ್ತಂತೆ. ಹತ್ತು ಗೆಡ್ಡೆಗೆ ದುಡ್ಡು ಕೊಟ್ಟಿದ್ದಳು. ಆರು ಒಣಗಿ ಹಳೇ ಬಟಾಣಿಯ ಹಾಗೆ ಕಲ್ಲಾಗಿದ್ದವು, ಚಿಗುರಿದ್ದು ನಾಲ್ಕು. ಆ ನಾಲ್ಕು ಸಾಲಿಡಾ, ಅಲ್ಲಿಂದ ಹೆಚ್ಚಿದವು ಉಳಿದದ್ದು. ಟೊಳ್ಳಿನವು ತೋಟದ ಹಿಂದಿನ ಒಡತಿ ಯಾವತ್ತೋ ನೆಟ್ಟವು.

ಹೆಚ್ಚುವ ರೀತಿಯೂ ಎರಡಕ್ಕೂ ಬೇರೆ. ಸಾಲಿಡಾ ಪ್ರತಿವರ್ಷ ಹೊಸ ಗೆಡ್ಡೆ ಕಟ್ಟುತ್ತದೆ. ಹಳೆಯದರ ಒಳಗೇ ಹೊಸದು ಬೆಳೆದು, ಹಳೆಯದು ಬರೀ ಸಿಪ್ಪೆಯಾಗಿ ಉಳಿಯುತ್ತದೆ. ಎಷ್ಟೋ ಸಲ ಒಂದಿದ್ದಲ್ಲಿ ಎರಡಾಗುತ್ತದೆ. ಬೇರು ಬರುವುದು ತಳದಿಂದ ಮಾತ್ರ. ಕಾವಾ ಹಾಗಲ್ಲ, ಅದೇ ಗೆಡ್ಡೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ, ಒಳಗಿನಿಂದ ಟೊಳ್ಳಾಗುತ್ತಾ ಹೋಗುತ್ತದೆ, ಮೈಯೆಲ್ಲ ಬೇರು. ಅಂದರೆ ನಾನು ಕೊಳೆತದ್ದು ಅಂತ ಎಸೆದದ್ದು ತೋಟದಲ್ಲಿ ಎಲ್ಲಕ್ಕಿಂತ ಹಿರಿಯದು. ಅದರಲ್ಲಿ ಬಲ್ಬೋಕ್ಯಾಪ್ನಿನ್ ಅನ್ನುವ ವಿಷವೂ ಇದೆ, ಹೊಟ್ಟೆಗೆ ಹೋದರೆ ಮೈ ಮರಗಟ್ಟುತ್ತದೆ. ಇದು ಓದಿದ್ದೇ ಮಗಳು, "ಅವತ್ತು ಕೈ ತೊಳೆದುಕೊಂಡು ತಾನೇ ಚಪಾತಿ ಲಟ್ಟಿಸಿದ್ದು?" ಅಂದಳು. ತೊಳೆದಿದ್ದೆ. ತೊಳೆದಿದ್ದೆ ಅಂತಲೇ ನೆನಪು.

ಸರಿ, ಪ್ರತಿಸಲ ಅಗೆದು ಒಡೆದು ನೋಡಲಾಗುತ್ತದಾ? ನೆಲದ ಮೇಲಿನಿಂದಲೇ ಗುರುತು ಹಿಡಿಯುವುದು ಹೇಗೆ? ಇದು ಕಲಿತದ್ದು ಮರುವರ್ಷ. ಮಗಳು ಮತ್ತೆ ಕೆಲಸಕ್ಕೆ ಹೋಗುವ ಹೊತ್ತಿಗೆ ಮಗುವನ್ನು ನೋಡಿಕೊಳ್ಳಲು ಮಾರ್ಚ್ ಕೊನೆಗೆ ಹೋಗಿದ್ದೆ. ಒಂದು ಭಾನುವಾರ ಊರ ನಡುವೆಯೇ ಇರುವ ಹೊಳೆದಂಡೆಯ ಕಾಡಿಗೆ ಕರೆದುಕೊಂಡು ಹೋದರು. ಮರಗಳೆಲ್ಲ ಬೋಳು, ನೆಲ ಮಾತ್ರ ಹಸಿರು. ಕಾಡಿಗೆ ಕಾಲಿಟ್ಟರೆ ಬೆಳ್ಳುಳ್ಳಿ ವಾಸನೆ, ಯಾರದೋ ಮನೆಯಲ್ಲಿ ಒಗ್ಗರಣೆ ಹಾಕಿದ ಹಾಗೆ. ಅಲ್ಲಿ ಕಾಡು ಬೆಳ್ಳುಳ್ಳಿ ಎಕರೆಗಟ್ಟಲೆ ಬೆಳೆಯುತ್ತದೆ. ಅದರ ನಡುನಡುವೆ ನೇರಳೆ, ಬಿಳಿ ಎರಡೂ ಬೆರೆತ ಹೂವಿನ ಕದಿರುಗಳು. ಮಗಳು ಅಂದಳು, ಇದೇ ಕಾವಾ, ನೀನು ಎಸೆದದ್ದು.

ಕೂತುಕೊಂಡು ನೋಡಿದೆ. ಗೇಣುದ್ದದ ಗಿಡ. ದಂಟಿಗೆ ಎರಡೇ ಎಲೆ, ಕೊತ್ತಂಬರಿ ಸೊಪ್ಪಿಗೆ ಸ್ವಲ್ಪ ಬೂದಿ ಬಳಿದ ಹಾಗೆ. ಹೂವು ಕೊಳವೆ, ಮುಂದೆ ಬಾಯಿ ತೆರೆದು ಎರಡು ತುಟಿ, ಹಿಂದೆ ಕೊಂಬು, ಕೊಂಬಿನ ತುದಿ ಕೆಳಕ್ಕೆ ಬಾಗಿದೆ. ಇಷ್ಟೆಲ್ಲ ಚಂದ ಇದೆ, ಆದರೆ ಗುರುತು ಇರುವುದು ಹೂವಿನಲ್ಲಿ ಅಲ್ಲ. ಒಂದೊಂದು ಹೂವಿನ ತೊಟ್ಟು ಕದಿರಿಗೆ ಸೇರುವ ಕಡೆ ಒಂದು ಪುಟ್ಟ ಎಲೆ ಇರುತ್ತದೆ, ಬ್ರ್ಯಾಕ್ಟ್ ಅನ್ನುತ್ತಾರೆ, ಹೂವಿಗೆ ಚಾಪೆ ಹಾಸಿದ ಹಾಗೆ. ಕಾವಾದಲ್ಲಿ ಆ ಎಲೆ ಇಡಿಯಾಗಿರುತ್ತದೆ, ಅಂಚು ಸಾಫು. ಸಾಲಿಡಾದಲ್ಲಿ ಅದು ಬೆರಳು ಬೆರಳಾಗಿ ಸೀಳಿರುತ್ತದೆ, ಮಗುವಿನ ಅಂಗೈ ಬಿಡಿಸಿದ ಹಾಗೆ. ಜರ್ಮನ್ನಿನಲ್ಲಿ ಸಾಲಿಡಾಕ್ಕೆ ಬೆರಳಿನದು ಅಂತಲೇ ಹೆಸರು. ಒಂದು ಭಾಷೆ ಗೆಡ್ಡೆ ನೋಡಿ ಕರೆಯಿತು, ಇನ್ನೊಂದು ಎಲೆ ನೋಡಿ ಕರೆಯಿತು. ಅಗೆಯದೆ ಗುರುತಿಸುವವರಿಗೆ ಜರ್ಮನ್ ಹೆಸರೇ ಉಪಯೋಗ.

ಇನ್ನೊಂದು ಗುರುತು ಬೇಕಿದ್ದರೆ ದಂಟಿನ ಬುಡದ ಮಣ್ಣನ್ನು ಬೆರಳಲ್ಲಿ ಸ್ವಲ್ಪ ಸರಿಸಬೇಕು. ಸಾಲಿಡಾಕ್ಕೆ ಎಲೆಗಳಿಗಿಂತ ಕೆಳಗೆ, ಮಣ್ಣಿನ ಮಟ್ಟದಲ್ಲಿ, ಬಣ್ಣವಿಲ್ಲದ ಒಂದು ಹೊಪ್ಪಳೆಯಂಥ ಎಲೆ ದಂಟನ್ನು ತಬ್ಬಿಕೊಂಡಿರುತ್ತದೆ. ಕಾವಾಕ್ಕೆ ಅದಿಲ್ಲ. ಈ ಎರಡನೇ ಗುರುತು ಯಾಕೆ ಬೇಕು ಅಂದರೆ ಇಂಟರ್ಮೀಡಿಯಾ ಅನ್ನುವ ಮೂರನೆಯವನು ಇದ್ದಾನಲ್ಲ, ಅವನ ಹೂವಿನಡಿ ಎಲೆ ಕಾವಾದ ಹಾಗೆ ಇಡಿ, ಗೆಡ್ಡೆ ಮಾತ್ರ ಸಾಲಿಡಾದ ಹಾಗೆ ಗಟ್ಟಿ, ಬುಡದ ಹೊಪ್ಪಳೆಯೂ ಉಂಟು. ಹೂವು ಕಡಿಮೆ, ಗಿಡ ಚಿಕ್ಕದು. ಲಿನ್ನೇಯಸ್ ಮೂರನ್ನೂ ಒಂದೇ ಗಂಟು ಕಟ್ಟಿದ್ದರಲ್ಲಿ ಆಶ್ಚರ್ಯ ಇಲ್ಲ ಅನ್ನಿಸಿತು. ಬಣ್ಣ ನೋಡಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಕಾವಾದಲ್ಲೇ ನೇರಳೆ, ಬಿಳಿ ಎರಡೂ ಇವೆ. ಸಾಲಿಡಾದಲ್ಲಿ ಇಟ್ಟಿಗೆ ಕೆಂಪಿನ 'ಜಾರ್ಜ್ ಬೇಕರ್', ಗುಲಾಬಿಯ 'ಬೆತ್ ಎವನ್ಸ್' ಅಂತೆಲ್ಲ ತೋಟಗಾರರು ಆರಿಸಿ ಬೆಳೆಸಿದ ಬಣ್ಣಗಳಿವೆ. ಅವುಗಳ ಬೀಜದಿಂದ ಹುಟ್ಟಿದ ಮರಿಗಳಿಗೆ ತಾಯಿಯ ಬಣ್ಣವೇ ಬರುತ್ತದೆ ಅಂತಿಲ್ಲ.

ಹೂವಿನ ಕೊಂಬಿನಲ್ಲಿ ಅಲ್ಲಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡಿತು. ಮಗಳು ತೋರಿಸಿದ್ದಲ್ಲ, ನಾನೇ ಕಂಡುಹಿಡಿದೆ, ಅದೊಂದು ಜಂಬ ನನಗಿದೆ. ಮಕರಂದ ಕೊಂಬಿನ ಕೊನೆಯಲ್ಲಿದೆ, ನಾಲಿಗೆ ಗಿಡ್ಡ ಇರುವ ದುಂಬಿಗಳಿಗೆ ಎಟುಕುವುದಿಲ್ಲ. ಅದಕ್ಕೆ ಅವು ಮುಂಬಾಗಿಲಿಂದ ಬರದೆ ಕೊಂಬನ್ನೇ ಕಚ್ಚಿ ತೂತು ಮಾಡಿ ಕುಡಿದು ಹೋಗುತ್ತವೆ. ಈ ಕಳ್ಳತನ ನನಗೆ ಹೊಸದಲ್ಲ. ನಮ್ಮ ಅಂಗಳದ ದಾಸವಾಳಕ್ಕೆ ಸೂರಕ್ಕಿ ಮಾಡುವುದೂ ಇದನ್ನೇ, ಹೂವಿನ ಬುಡಕ್ಕೆ ಕೊಕ್ಕು ಚುಚ್ಚಿ ಪರಾಗ ಮುಟ್ಟದೆ ತುಪ್ಪ ಕುಡಿಯುತ್ತದೆ.

ಏಪ್ರಿಲ್ ಕಳೆಯುವಷ್ಟರಲ್ಲಿ ಮರಗಳು ಚಿಗುರಿ ಕಾಡಿಗೆ ಚಪ್ಪರ ಬಿತ್ತು. ನೆಲದ ಹೂವು ಮುಗಿಯಿತು. ಇವುಗಳ ಬದುಕಿನ ಲೆಕ್ಕವೇ ಅದು. ಮರ ಎಲೆ ಬಿಡುವ ಮೊದಲು ಸಿಗುವ ಆರೇಳು ವಾರದ ಬಿಸಿಲಿನಲ್ಲಿ ಎಲೆ, ಹೂ, ಕಾಯಿ, ಮುಂದಿನ ವರ್ಷದ ಗೆಡ್ಡೆ ಎಲ್ಲ ಮುಗಿಸಬೇಕು. ಜೂನಿಗೆ ಸುಳಿವೇ ಇರುವುದಿಲ್ಲ. ಚಳಿಗಾಲದ ಮೊದಲೇ ಕೆಳಗೆ ಬೇರು ಬಿಟ್ಟುಕೊಂಡು ಕಾಯುತ್ತವೆ, ಮೇಲಿನಿಂದ ನೋಡುವವರಿಗೆ ಖಾಲಿ ಮಡಿ.

ಮೇ ಮೊದಲ ವಾರ ಸಾಲಿಡಾದ ಕಾಯಿ ನೋಡುತ್ತಿದ್ದೆ. ಹೆಸರು ಕಾಯಿಗಿಂತ ಚಿಕ್ಕದು, ಹಸಿರಿರುವಾಗಲೇ ಬಿರಿಯುತ್ತದೆ. ಒಳಗೆ ಮಿರುಗುವ ಕಪ್ಪು ಬೀಜ, ಬೀಜಕ್ಕೊಂದು ಬಿಳಿ ಬಾಲ. ಆ ಬಾಲದಲ್ಲಿ ಎಣ್ಣೆಯ ಅಂಶ ಇದೆ, ಇರುವೆಗೆ ಅದು ಬೇಕು. ಹರಳಿನ ಬೀಜದ ಮೂಗಿನಲ್ಲೂ ಬಿಳಿ ಗಂಟು ಇರುತ್ತದಲ್ಲ, ಅದೇ ಉಪಾಯ. ಇರುವೆ ಬೀಜವನ್ನು ಗೂಡಿಗೆ ಎಳೆದು, ಬಾಲ ತಿಂದು, ಬೀಜ ಬಿಡುತ್ತದೆ. ಇರುವೆಗಿಂತ ಮೊದಲು ನಾನು ಒಂದು ಇಪ್ಪತ್ತು ಬೀಜ ಆರಿಸಿ, ಅದೇ ದಿನ ಹೆಚ್ಚು ಆಳಕ್ಕಲ್ಲದೆ ಮಣ್ಣಿಗೆ ಸೇರಿಸಿದೆ. ಇದನ್ನು ಪೊಟ್ಟಣ ಕಟ್ಟಿ ಇಟ್ಟರೆ ಕೆಟ್ಟಿತು ಅಂತಲೇ ಲೆಕ್ಕ. ಮೊದಲು ಬೇಸಿಗೆ, ಆಮೇಲೆ ಚಳಿ, ಎರಡೂ ಮಣ್ಣಿನಲ್ಲೇ ಕಳೆದರೆ ಮೊಳೆಯುತ್ತದೆ. ಹೂವು ಬಿಡುವುದಕ್ಕೆ ಮೂರು ನಾಲ್ಕು ವರ್ಷ.

ಹೊರಡುವ ಹಿಂದಿನ ದಿನ ನಾಲ್ಕು ಗೆಡ್ಡೆ ಸೀರೆಯ ಮಡಿಕೆಯಲ್ಲಿ ಇಟ್ಟುಕೊಳ್ಳಲಾ ಅಂತ ಕೇಳಿದೆ. ಬೈಸಿಕೊಂಡೆ. ಗಿಡ, ಗೆಡ್ಡೆ ಹೊರಗಿನಿಂದ ಭಾರತಕ್ಕೆ ತರಬೇಕಾದರೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ ಬೇಕು, ರೋಗವಿಲ್ಲ ಅನ್ನುವ ಸರ್ಟಿಫಿಕೇಟ್ ಬೇಕು. ತಂದರೂ ಬದುಕುತ್ತಿರಲಿಲ್ಲ. ಲೈಪ್ಜಿಗ್‌ನಲ್ಲಿ ವರ್ಷಕ್ಕೆಲ್ಲ ಬೀಳುವ ಮಳೆ ಹೆಚ್ಚೆಂದರೆ 600 ಮಿಲಿಮೀಟರಿನ ಆಸುಪಾಸು, ಆಗುಂಬೆಯಲ್ಲಿ 7000 ದಾಟುತ್ತದೆ. ಗೆಡ್ಡೆ ಒಣ ಮಣ್ಣಿನಲ್ಲಿ ನಿದ್ದೆ ಮಾಡಬೇಕಾದ ತಿಂಗಳಲ್ಲೇ ನಮಗೆ ಜಡಿಮಳೆ. ಎಬ್ಬಿಸುವುದಕ್ಕೆ ಬೇಕಾದ ಹಿಮದ ಚಳಿ ನಮ್ಮಲ್ಲಿಲ್ಲ. ನಮ್ಮ ದೇಶದಲ್ಲಿ ಕೊರಿಡಾಲಿಸ್ ನೋಡಬೇಕಾದರೆ ಹಿಮಾಲಯಕ್ಕೆ ಹೋಗಬೇಕು. ಕಾಶ್ಮೀರದ ಹೆಸರು ಹೊತ್ತ ಅಚ್ಚ ನೀಲಿಯ ಜಾತಿಯೊಂದು ಅಲ್ಲಿದೆ. ನನ್ನ ಮೊಣಕಾಲಿಗೆ ಆ ಆಸೆ ಇಲ್ಲ.

ಇಲ್ಲಿಗೆ ಬಂದ ಮೇಲೆ ನಾಚಿಕೆ ಆದದ್ದು ಬೇರೆ ಕಾರಣಕ್ಕೆ. ನನಗೆ ಇದೆಲ್ಲ ಗೊತ್ತಿರಬೇಕಿತ್ತು. ನಮ್ಮ ಧರೆಯ ಗೌರಿ ಹೂವು ಮಾಡುವುದೂ ಇದನ್ನೇ, ಋತು ಮಾತ್ರ ಬೇರೆ. ಮುಂಗಾರಿಗೆ ಮೇಲೆ ಬಂದು, ಎಲೆಯ ತುದಿಯಿಂದಲೇ ಬೇಲಿಗೆ ಸುತ್ತಿ ಹತ್ತಿ, ಭಾದ್ರಪದದ ತದಿಗೆಗೆ ಸರಿಯಾಗಿ ಹಳದಿ ಕೆಂಪು ಬೆಂಕಿಯ ಹಾಗೆ ಹೂ ಬಿಟ್ಟು, ದೀಪಾವಳಿ ಕಳೆದ ಮೇಲೆ ಮಾಯ. ಗೆಡ್ಡೆ ನೇಗಿಲಿನ ಆಕಾರ, ಲಾಂಗಲಿ ಅನ್ನುವ ಹೆಸರು ಅದಕ್ಕೇ. ಸಾಲಿಡಾದ ಹಾಗೆ ಇದೂ ವರ್ಷವರ್ಷವೂ ಹೊಸ ಗೆಡ್ಡೆ ಕಟ್ಟಿ ಹಳೆಯದನ್ನು ಬಿಡುತ್ತದೆ. ಇದೂ ವಿಷ, ಕೋಲ್ಚಿಸಿನ್. ಕಣ್ಣು ಇರುವುದು ತುದಿಯಲ್ಲಿ, ಗುದ್ದಲಿ ತಾಗಿ ತುದಿ ಮುರಿಯಿತೋ ಆ ಕವಲು ಹೋಯಿತು. ನಾನು ಈ ಮನೆಗೆ ಬಂದ ವರ್ಷ ಬೇಸಿಗೆಯಲ್ಲಿ ತೊಂಡೆ ಬಳ್ಳಿ ಇಡೋಣ ಅಂತ ಆ ಜಾಗಕ್ಕೆ ಹಾರೆ ಹಾಕಿದಾಗ ಅತ್ತೆ ಜಗುಲಿಯಿಂದಲೇ ಕೂಗಿದ್ದರು, "ಅಲ್ಲಿ ಬೇಡ ಮಾರಾಯ್ತಿ, ಗೌರಿ ಮಲಗಿದಾಳೆ." ಅಲ್ಲೊಂದು ಒಡೆದ ಹಂಚಿನ ಚೂರು ನೆಟ್ಟಿತ್ತು, ನಾನು ಕಸ ಅಂತ ಕಿತ್ತೆಸೆದಿದ್ದೆ. ಅತ್ತೆ ಹೋಗಿ ಹನ್ನೊಂದು ವರ್ಷವಾಯಿತು. ಹಂಚಿನ ಚೂರೂ ದರಕಿನ ಅಡಿಯಲ್ಲಿ ಎಲ್ಲೋ ಸೇರಿಹೋಯಿತು. ಲೈಪ್ಜಿಗ್‌ನಿಂದ ಬಂದ ವಾರವೇ ಕೋಲು ನೆಟ್ಟೆ.

ಮಗಳೂ ನೆಟ್ಟಿದ್ದಾಳೆ, ಐಸ್‌ಕ್ರೀಮ್ ಕಡ್ಡಿ. ಒಂದೊಂದರ ಮೇಲೂ ಕನ್ನಡದಲ್ಲಿ 'ಗಟ್ಟಿ', 'ಟೊಳ್ಳು' ಅಂತ ಬರೆದು. ಒಂದರ ಮೇಲೆ 'ಅಮ್ಮ ಅಗೀಬೇಡ' ಅಂತಿದೆ. ನನ್ನ ಮೆಂತೆಗೆ ಈಗ ಪ್ರತ್ಯೇಕ ತೊಟ್ಟಿ.

ಯುಗಾದಿ ಕಳೆದು ವಾರಕ್ಕೆ ವಾಟ್ಸಾಪಿನಲ್ಲಿ ಎರಡು ಫೋಟೋ ಬಂದವು. ಮೊದಲನೆಯದರಲ್ಲಿ ನಾನು ಹಾಕಿದ ಬೀಜದ ಮೊಳಕೆ, ಏಳು ಇವೆ ಅಂದಳು, ನನಗೆ ಐದು ಕಂಡವು. ಒಂದೊಂದಕ್ಕೂ ಒಂದೇ ಎಲೆ, ಮೊದಲ ವರ್ಷ ಇವು ಅಷ್ಟೇ ಬಿಡುವುದು. ಎರಡನೆಯದರಲ್ಲಿ ಗೊಬ್ಬರದ ಡಬ್ಬದಿಂದ ಹೆಕ್ಕಿದ ಗೆಡ್ಡೆ. ಹೋದ ವರ್ಷ ಬರೀ ಎಲೆ ಬಿಟ್ಟು ಸಿಟ್ಟು ತೋರಿಸಿತ್ತು, ಈ ಸಲ ಕದಿರು ಬಂದಿದೆ, ಬಿಳಿ. "ಯಾವುದು ಹೇಳು ನೋಡೋಣ" ಅಂತ ಕೆಳಗೆ ಬರೆದಿದ್ದಳು. ಕಡ್ಡಿಯ ಮೇಲಿನ ಅಕ್ಷರ ಫೋಟೋದಲ್ಲಿ ಬೀಳದ ಹಾಗೆ ಬೇಕಂತಲೇ ಹಿಡಿದಿದ್ದಾಳೆ. ಬಿಳಿ ಬಣ್ಣ ನೋಡಿ ಟೊಳ್ಳು ಅಂದುಬಿಡುವ ಹಾಗಾಯಿತು, ತಡೆದುಕೊಂಡೆ. ಹೂವಿನಡಿಯ ಎಲೆ ಕಾಣೋ ಹಾಗೆ ಇನ್ನೊಂದು ಫೋಟೋ ಕಳಿಸು ಅಂದೆ.